ಲಕ್ಕಮ್ಮನ ಲೆಕ್ಕ ಮತ್ತು ನಮ್ಮ ತಿಂಗಳ ದಿನಸಿ ಚೀಟಿ



ಪ್ರವಚನ ಮುಗಿದು ದಾಸೋಹದ ಪಂಕ್ತಿಯಲ್ಲಿ ಕುಳಿತಾಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಭಕ್ತರ ಬಾಯಲ್ಲಿ ಇತ್ತೀಚಿನ ವರ್ಷಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ. ದಿನಸಿ ಚೀಟಿ ಮೊದಲಿನಷ್ಟೇ ಉದ್ದವಿದೆ, ತೆಗೆದುಕೊಂಡು ಹೋದ ದುಡ್ಡು ಮಾತ್ರ ಚೀಟಿಯ ಅರ್ಧಕ್ಕೇ ಮುಗಿಯುತ್ತದೆ ಎಂಬುದೇ ಆ ಮಾತು. ಇದು ಲೌಕಿಕದ ವಿಚಾರ, ವಚನ ಚಿಂತನೆಯ ಪುಟದಲ್ಲಿ ಇದಕ್ಕೇನು ಸ್ಥಾನ ಎಂದು ಕೆಲವರು ಕೇಳಬಹುದು. ಶರಣರು ಅಂಥ ಗೋಡೆಯನ್ನು ಎಂದೂ ಕಟ್ಟಲಿಲ್ಲ. ಅಕ್ಕಿ ಆಯುವವರು, ಭತ್ತ ಕುಟ್ಟುವವರು, ಹಗ್ಗ ಹೊಸೆಯುವವರು, ನೂಲು ತೆಗೆಯುವವರು, ಕಟ್ಟಿಗೆ ಹೊರುವವರು ಕಲ್ಯಾಣದಲ್ಲಿ ಒಂದೆಡೆ ಕುಳಿತು ಅನುಭಾವವನ್ನು ಹಂಚಿಕೊಂಡರು. ಅವರ ಕೆಲಸವೇ ಅವರ ಹೆಸರಿನ ಮುಂದೆ ಬಿರುದಾಗಿ ನಿಂತಿದೆ. ಆಯ್ದಕ್ಕಿ ಲಕ್ಕಮ್ಮ, ಕೊಟ್ಟಣದ ಸೋಮಮ್ಮ, ನುಲಿಯ ಚಂದಯ್ಯ, ಕದಿರ ರೆಮ್ಮವ್ವೆ ಎಂದು ಹೆಸರು ಹಿಡಿದು ಕರೆಯುವಾಗಲೇ ಅಂಗಳದ, ಅಡುಗೆಮನೆಯ ಸಪ್ಪಳ ಕೇಳಿಸುತ್ತದೆ. ಆದ್ದರಿಂದ ದಿನಸಿಯ ಬೆಲೆಯ ಬಗ್ಗೆ ನಮಗೆ ಬುದ್ಧಿ ಹೇಳಬಲ್ಲವರು ಯಾರು ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ.

ಆಯ್ದಕ್ಕಿ ದಂಪತಿಗಳ ಕಥೆ ತಮಗೆಲ್ಲ ತಿಳಿದದ್ದೇ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಮಾರಯ್ಯನವರು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಲ್ಲೇ ಜಂಗಮ ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಸಿಕ್ಕಿತು. ಸಂತೋಷದಿಂದಲೇ ಮನೆಗೆ ತಂದರು. ಲಕ್ಕಮ್ಮನವರು ಗಂಟು ನೋಡಿದ ಕೂಡಲೇ ಪ್ರಶ್ನಿಸಿದರು. ದಿನದ ಅಗತ್ಯವನ್ನು ಮೀರಿದ್ದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದರು. ಮಾರಯ್ಯನವರು ಹೋಗಿ ಸುರಿದು ಬಂದರು. ಇಪ್ಪತ್ತೈದರಷ್ಟು ವಚನಗಳು ಮಾತ್ರ ಉಳಿದಿರುವ ಈ ತಾಯಿಯನ್ನು ನಾಡು ಇಂದಿಗೂ ನೆನೆಯುತ್ತಿರುವುದು ಮುಖ್ಯವಾಗಿ ಈ ಒಂದು ಘಟನೆಯಿಂದ.

ಈ ಕಥೆಯನ್ನು ನಮ್ಮ ವೇದಿಕೆಗಳಲ್ಲಿ ಹೇಳುವ ರೀತಿಯ ಬಗ್ಗೆ ನನಗೊಂದು ತಕರಾರಿದೆ. ಬೆಲೆ ಏರಿದಾಗಲೆಲ್ಲ ಇದನ್ನು ಬಡವರ ಮುಂದೆ ಹೇಳುತ್ತೇವೆ: ಇದ್ದುದರಲ್ಲಿ ತೃಪ್ತಿ ಪಡಿರಿ, ಆಶೆ ಬೇಡ, ಲಕ್ಕಮ್ಮನನ್ನು ನೋಡಿ ಕಲಿಯಿರಿ ಎಂದು. ಕಥೆಯಲ್ಲಿ ಆಗಿದ್ದು ಬೇರೆ. ಲಕ್ಕಮ್ಮನವರು ತಮ್ಮ ಮನೆಗೆ ತಾವೇ ಮಿತಿ ಹಾಕಿಕೊಂಡರು, ನೆರೆಮನೆಯವರಿಗೆ ಹಾಕಲಿಲ್ಲ. ಮಿತಿ ಹಾಕಿದ್ದು ಹೆಚ್ಚಾಗಿ ಬಂದದ್ದಕ್ಕೆ. ದಿನದ ಊಟಕ್ಕೆ ಬೇಕಾದುದಕ್ಕೆ ಕೈ ಹಚ್ಚಲಿಲ್ಲ, ದಾಸೋಹವನ್ನೂ ನಿಲ್ಲಿಸಲಿಲ್ಲ. ಮೂರನೆಯದಾಗಿ, ಎಷ್ಟು ಬೇಕು, ಎಷ್ಟು ಹೆಚ್ಚು ಎಂಬ ಲೆಕ್ಕ ಮನೆಯಲ್ಲಿ ಹೆಣ್ಣಿನ ಕೈಯಲ್ಲಿತ್ತು ಮತ್ತು ಗಂಡಸು ಆ ಲೆಕ್ಕಕ್ಕೆ ತಲೆಬಾಗಿದನು. ಈ ಮೂರನ್ನೂ ಬಿಟ್ಟು ತೃಪ್ತಿಯನ್ನಷ್ಟೇ ಉಪದೇಶಿಸಿದರೆ ಕಥೆಯ ಸಿಪ್ಪೆಯನ್ನು ಹಂಚಿ ತಿರುಳನ್ನು ಕಪಾಟಿನಲ್ಲಿ ಇಟ್ಟಂತೆ. ಮಿತವ್ಯಯಕ್ಕೂ ಒಂದು ಕ್ರಮವಿದೆ. ಅದು ಮೇಲಿನಿಂದ ಆರಂಭವಾಗಬೇಕು, ಆಡಂಬರದಿಂದ. ನಮ್ಮ ಮನೆಗಳಲ್ಲಿ ಅದು ಕೆಳಗಿನಿಂದ, ಬೇಳೆಯಿಂದ, ಹಾಲಿನಿಂದ, ಕೂಲಿಯಿಂದ ಆರಂಭವಾಗುತ್ತಿದೆ ಎಂಬುದೇ ಈ ಲೇಖನದ ಅಳಲು.

ಮೊದಲು ಬೆಲೆಯ ವಿಚಾರವನ್ನೇ ನೋಡೋಣ. ಸರಕಾರದ ಅಂಕಿಅಂಶದಂತೆ 2024ರ ಅಕ್ಟೋಬರಿನಲ್ಲಿ ದೇಶದ ಆಹಾರ ಹಣದುಬ್ಬರ ಶೇ. 10.87ಕ್ಕೆ ಏರಿತ್ತು. ಸರಿಯಾಗಿ ಒಂದು ವರ್ಷದ ಬಳಿಕ, 2025ರ ಅಕ್ಟೋಬರಿನಲ್ಲಿ, ಅದೇ ಸೂಚ್ಯಂಕ ಸೊನ್ನೆಗಿಂತ ಕೆಳಗಿಳಿದು ಋಣ ಶೇ. 5.02 ಆಯಿತು. ಪತ್ರಿಕೆಯಲ್ಲಿ ಬೆಲೆ ಇಳಿದಿದೆ ಎಂದು ಓದಿದ ಗೃಹಿಣಿ ಅಂಗಡಿಯಲ್ಲಿ ಅದೇ ನೋಟು ಕೊಟ್ಟು ಅದೇ ಚೀಲ ತಂದಳು. ಇದರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಸೂಚ್ಯಂಕ ಅಳೆಯುವುದು ಹಿಂದಿನ ವರ್ಷದ ಅದೇ ತಿಂಗಳಿನಿಂದ ಆದ ವ್ಯತ್ಯಾಸವನ್ನು. ಏರಿ ನಿಂತ ಎತ್ತರವನ್ನಲ್ಲ. ಜೊತೆಗೆ, ಇಳಿಯುವ ಪದಾರ್ಥಗಳೇ ಬೇರೆ, ಇಳಿಯದ ಪದಾರ್ಥಗಳೇ ಬೇರೆ. ಟೊಮೆಟೊ, ಈರುಳ್ಳಿ ಹತ್ತುತ್ತವೆ, ಇಳಿಯುತ್ತವೆ. 2023ರ ಜುಲೈನಲ್ಲಿ ಕಿಲೋ ಟೊಮೆಟೊ ನೂರು ರೂಪಾಯಿ ದಾಟಿ, ಕೇಂದ್ರ ಸರಕಾರವೇ ನಗರಗಳಲ್ಲಿ ರಿಯಾಯಿತಿ ದರದಲ್ಲಿ ಮಾರಬೇಕಾಗಿ ಬಂದಿತ್ತು. ಎರಡೇ ತಿಂಗಳಲ್ಲಿ ಬೆಲೆ ಕುಸಿದು ಬೆಳೆದವನು ಕಣ್ಣೀರಿಟ್ಟ. ತೊಗರಿಬೇಳೆ 2015ರ ಅಕ್ಟೋಬರಿನಲ್ಲಿ ಕೆಲವೆಡೆ 200 ರೂಪಾಯಿಯನ್ನು ಮುಟ್ಟಿತು, ಇಳಿಯಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದ 2023ರ ಬಳಿಕ ಮತ್ತೆ ಏರಿ 2024ರ ಮಧ್ಯದಲ್ಲಿ 160ರ ಆಸುಪಾಸಿನಲ್ಲಿತ್ತು, 2025ರಲ್ಲಿ ಮತ್ತೆ ತಗ್ಗಿತು. ಹಾಲು ಹಾಗಲ್ಲ. ನಂದಿನಿ ಹಾಲಿಗೆ 2023ರ ಆಗಸ್ಟ್ 1ರಂದು ಲೀಟರಿಗೆ 3 ರೂಪಾಯಿ, 2025ರ ಏಪ್ರಿಲ್ 1ರಂದು 4 ರೂಪಾಯಿ ಏರಿತು. ಅದು ಹಸು ಸಾಕುವವನಿಗೆ ಸಲ್ಲಬೇಕಾದುದೇ. ಆದರೆ ಏರಿದ್ದು ಏರಿದ್ದೇ.

ಎಣ್ಣೆಯ ಕಥೆಯನ್ನಂತೂ ಕೇಳಲೇಬೇಕು. ನಮ್ಮ ದೇಶ ಬಳಸುವ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ ಬರುತ್ತದೆ: ತಾಳೆ ಎಣ್ಣೆ ಇಂಡೋನೇಷ್ಯಾ, ಮಲೇಷ್ಯಾಗಳಿಂದ, ಸೂರ್ಯಕಾಂತಿ ಎಣ್ಣೆ ಹೆಚ್ಚಾಗಿ ರಷ್ಯಾ, ಉಕ್ರೇನ್, ಅರ್ಜೆಂಟೀನಾಗಳಿಂದ. 2022ರ ಫೆಬ್ರವರಿಯಲ್ಲಿ ಅಲ್ಲಿ ಯುದ್ಧ ಹತ್ತಿತು. ಏಪ್ರಿಲ್ ಕೊನೆಯಲ್ಲಿ ಇಂಡೋನೇಷ್ಯಾ ಕೆಲವು ವಾರಗಳ ಕಾಲ ತಾಳೆ ಎಣ್ಣೆಯ ರಫ್ತನ್ನೇ ನಿಲ್ಲಿಸಿತು. ಸಿದ್ದಾಪುರದ ಹಳ್ಳಿಯೊಂದರಲ್ಲಿ ದೋಸೆ ಕಾವಲಿಗೆ ಸವರುವ ಎಣ್ಣೆಯ ಬೆಲೆಯನ್ನು ಕಪ್ಪು ಸಮುದ್ರದ ಬಂದರು ನಿರ್ಧರಿಸಿದ ವರ್ಷ ಅದು. ಬಳಿಕ 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಎಣ್ಣೆಕಾಳು ಬೆಳೆಯುವ ರೈತರ ಹಿತಕ್ಕೆಂದು ಕಚ್ಚಾ ತೈಲಗಳ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿತು, 2025ರ ಮೇ ಕೊನೆಯಲ್ಲಿ ಶೇ. 10ಕ್ಕೆ ಇಳಿಸಿತು. ನಮ್ಮ ಕೈಯಲ್ಲಿ ಏನೂ ಇಲ್ಲದ ಸಂಗತಿಗಳಿವು. ಇವನ್ನು ಹೇಳುವ ಉದ್ದೇಶವಿಷ್ಟೇ: ಬೆಲೆ ಏರಿದ್ದಕ್ಕೆ ಮನೆಯ ಹೆಣ್ಣುಮಗಳ ಕೈ ಧಾರಾಳವೇ ಕಾರಣವೆಂದು ಯಾವ ಗೃಹಸ್ಥನೂ ಭಾವಿಸದಿರಲಿ.

ಇನ್ನು ನಮ್ಮ ಮೂರು ತಾಲೂಕುಗಳ ವಿಶೇಷ ಪರಿಸ್ಥಿತಿ. ಹೊರಗಿನಿಂದ ನೋಡಿದವರಿಗೆ ಇದು ಹಸಿರು ತುಂಬಿದ ಸೀಮೆ, ಇಲ್ಲಿ ಅನ್ನಕ್ಕೇನು ಕೊರತೆ ಎನಿಸುತ್ತದೆ. ಹಸಿರು ನಿಜ, ಆದರೆ ಆ ಹಸಿರಿನಲ್ಲಿ ಬಹುಪಾಲು ಅಡಿಕೆ. ಪೂರ್ವದ ಬನವಾಸಿ ಕಡೆಯಲ್ಲಿ ವರದೆಯ ದಂಡೆಯ ಗದ್ದೆಗಳು ಇನ್ನೂ ಇವೆ. ಘಟ್ಟದಂಚಿನ ಕಣಿವೆಗಳಲ್ಲಿ ಮಾತ್ರ ಭತ್ತದ ಗದ್ದೆಗಳು ಒಂದೊಂದಾಗಿ ಅಡಿಕೆ ತೋಟವಾದವು. ಭತ್ತಕ್ಕೆ ಬೆಲೆಯಿಲ್ಲ, ಆಳು ಸಿಗುವುದಿಲ್ಲ, ಹಂದಿ ಉಳಿಸುವುದಿಲ್ಲ. ತೋಟ ಮಾಡಿದವರನ್ನು ನಾನು ದೂಷಿಸಲಾರೆ. ಫಲಿತಾಂಶವೇನೆಂದರೆ ಅಕ್ಕಿ ಗಂಗಾವತಿ, ಸಿಂಧನೂರುಗಳ ಕಡೆಯಿಂದ ಬರಬೇಕು, ಬೇಳೆ ಕಲಬುರಗಿಯಿಂದ, ಸಾಲದ್ದಕ್ಕೆ ಮ್ಯಾನ್ಮಾರ್, ಮೊಜಾಂಬಿಕ್ ದೇಶಗಳಿಂದ; ಈರುಳ್ಳಿ, ಬಟಾಟೆ ಹುಬ್ಬಳ್ಳಿಯ ಮಾರುಕಟ್ಟೆಯನ್ನು ಹಾದು ಬರಬೇಕು. ಪ್ರತಿ ಮೂಟೆಯ ಮೇಲೂ ಲಾರಿ ಬಾಡಿಗೆ ಕುಳಿತಿರುತ್ತದೆ. 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ಹುಬ್ಬಳ್ಳಿ-ಅಂಕೋಲಾ ಹೆದ್ದಾರಿ ಬಂದಾದದ್ದನ್ನು ಯಲ್ಲಾಪುರದವರು ಮರೆತಿರಲಾರರು.

ಆದಾಯದ ಗತಿಯೂ ಇಲ್ಲಿ ಬೇರೆ. ಅಡಿಕೆಯ ಹಣ ಕೊಯ್ಲು, ಸುಲಿತ, ಒಣಗಿಸುವಿಕೆ ಮುಗಿದ ಮೇಲೆ ಒಟ್ಟಿಗೆ ಬರುತ್ತದೆ. ದಿನಸಿಯ ಖರ್ಚು ತಿಂಗಳು ತಿಂಗಳು ಕೇಳುತ್ತದೆ. ಕೊಳೆರೋಗವೋ ಎಲೆಚುಕ್ಕಿಯೋ ಬಂದ ವರ್ಷ ಬರುವ ಹಣವೂ ಅರ್ಧ. ಈ ಅಂತರವನ್ನು ತುಂಬಲೆಂದೇ ನಮ್ಮ ಹಿರಿಯರು ಸಹಕಾರಿ ಸಂಘಗಳನ್ನು ಕಟ್ಟಿದರು. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಆರಂಭವಾದದ್ದು 1923ರಲ್ಲಿ. ಅಡಿಕೆಯನ್ನು ಸಂಘದಲ್ಲಿ ಬಿಟ್ಟು ಅದರ ಖಾತೆಯ ಮೇಲೆ ಮನೆಯ ಸಾಮಾನು ಒಯ್ಯುವ ರೂಢಿ ಎಷ್ಟೋ ಮನೆಗಳನ್ನು ಖಾಸಗಿ ಸಾಲಗಾರರ ಬಾಗಿಲಿನಿಂದ ಉಳಿಸಿದೆ. ಆದರೆ ಖಾತೆಯ ಮೇಲೆ ಬರೆಸಿ ತರುವಾಗ ಕೈಯಲ್ಲಿ ನೋಟು ಎಣಿಸುವ ನೋವು ಇರುವುದಿಲ್ಲ. ಉದ್ರಿ ಪುಸ್ತಕದಲ್ಲಿ ಬೆಲೆ ಏರಿದ್ದು ಗೊತ್ತಾಗುವುದು ವರ್ಷದ ಕೊನೆಗೆ. ಆದ್ದರಿಂದ ನಗದಿಯಾಗಲಿ ಉದ್ರಿಯಾಗಲಿ, ತಂದ ದಿನವೇ ಮನೆಯ ಪುಸ್ತಕದಲ್ಲಿ ಪದಾರ್ಥ, ತೂಕ, ದರ ಮೂರನ್ನೂ ಬರೆದಿಡುವುದು ಒಳ್ಳೆಯದು. ಮೊತ್ತವನ್ನಷ್ಟೇ ಬರೆದರೆ ಏನೂ ತಿಳಿಯುವುದಿಲ್ಲ.

ಹಾಗೆ ಬರೆದು ನೋಡಿದವರಿಗೆ ಒಂದು ಆಶ್ಚರ್ಯ ಕಾದಿರುತ್ತದೆ. ಕೇಂದ್ರ ಸರಕಾರ 2023-24ರಲ್ಲಿ ನಡೆಸಿದ ಮನೆವಾರು ಬಳಕೆಯ ಸಮೀಕ್ಷೆಯಂತೆ ಗ್ರಾಮೀಣ ಭಾರತದಲ್ಲಿ ತಲಾ ಮಾಸಿಕ ಖರ್ಚು ಸರಾಸರಿ 4,122 ರೂಪಾಯಿ. ಅದರಲ್ಲಿ ಆಹಾರದ ಪಾಲು ಶೇ. 47ರಷ್ಟು. ಆ ಆಹಾರದೊಳಗೆ ಅತಿ ದೊಡ್ಡ ಪಾಲು ಯಾವುದರದು? ಅಕ್ಕಿಯದಲ್ಲ, ಬೇಳೆಯದಲ್ಲ, ಹಾಲಿನದೂ ಅಲ್ಲ. ಪಾನೀಯ, ಸಂಸ್ಕರಿತ ಆಹಾರ, ಹೊರಗಿನ ತಿಂಡಿತೀರ್ಥಗಳ ಗುಂಪಿಗೆ ಒಟ್ಟು ಖರ್ಚಿನ ಶೇ. 9.84 ಹೋಗುತ್ತಿತ್ತು, ಎಲ್ಲ ಧಾನ್ಯಗಳಿಗೂ ಸೇರಿ ಶೇ. 4.99. ನಾಲ್ವರ ಮನೆಗೆ ಲೆಕ್ಕ ಹಾಕಿದರೆ ತಿಂಗಳ ಒಟ್ಟು ಖರ್ಚು 16,488 ರೂಪಾಯಿ, ಅದರಲ್ಲಿ ಧಾನ್ಯಕ್ಕೆ ಸುಮಾರು 823, ಪೊಟ್ಟಣ ಹಾಗೂ ಹೊರಗಿನ ತಿಂಡಿಗೆ ಸುಮಾರು 1,622. ಇದು ಇಡೀ ದೇಶದ ಸರಾಸರಿ. ಪಡಿತರದ ಅಕ್ಕಿ ಪುಕ್ಕಟೆ ಸಿಗುವುದೂ ಧಾನ್ಯದ ಖರ್ಚು ತಗ್ಗಲು ಒಂದು ಕಾರಣ. ಆದರೂ ಧಾನ್ಯಕ್ಕಿಂತ ಕುರುಕಲಿಗೆ ಎರಡು ಪಟ್ಟು ಎಂಬ ಸಂಗತಿ ಮನಸ್ಸಿನಲ್ಲಿ ನಿಲ್ಲಬೇಕು. ಬೆಲೆ ಏರಿತೆಂದು ಬೇಳೆಯನ್ನು ತೆಳ್ಳಗೆ ಮಾಡುವ ಮನೆಯಲ್ಲಿ, ಸಂಜೆ ಮಕ್ಕಳ ಕೈಯಲ್ಲಿ ಐದೋ ಹತ್ತೋ ರೂಪಾಯಿಯ ಪೊಟ್ಟಣ ಇದ್ದೇ ಇರುತ್ತದೆ. ದಿನಕ್ಕೆ ಎರಡು ಹತ್ತರ ಪೊಟ್ಟಣವೆಂದರೆ ತಿಂಗಳಿಗೆ 600 ರೂಪಾಯಿ. ತೊಗರಿಬೇಳೆ ಅತಿ ದುಬಾರಿಯಾಗಿದ್ದ ದಿನಗಳಲ್ಲೂ ಅಷ್ಟಕ್ಕೆ ಮೂರು ಕಿಲೋದಷ್ಟು ಬರುತ್ತಿತ್ತು.

ಪೊಟ್ಟಣದ ಇನ್ನೊಂದು ಮಾಯೆಯೆಂದರೆ ಬೆಲೆ ಏರದೆಯೇ ಏರುವುದು. ಹತ್ತು ರೂಪಾಯಿಯ ಪೊಟ್ಟಣ ಹತ್ತೇ ಆಗಿರುತ್ತದೆ, ಒಳಗಿನ ಗ್ರಾಮುಗಳು ಕರಗುತ್ತವೆ. ಬಿಸ್ಕತ್ತು, ಚಹಾಪುಡಿ, ಎಣ್ಣೆ ಮುಂತಾದವನ್ನು ಇಂತಿಷ್ಟೇ ತೂಕದಲ್ಲಿ ಕಟ್ಟಬೇಕೆಂಬ ಹಳೆಯ ಪಟ್ಟಿಯನ್ನು 2021ರ ತಿದ್ದುಪಡಿಯಲ್ಲಿ ಕೈಬಿಡಲಾಯಿತು. ಅದಕ್ಕೆ ಬದಲಾಗಿ ಒಂದು ಗ್ರಾಮಿಗೆ ಅಥವಾ ಒಂದು ಕಿಲೋಗೆ ಎಷ್ಟಾಯಿತೆಂಬುದನ್ನು ಪೊಟ್ಟಣದ ಮೇಲೆ ಮುದ್ರಿಸುವಂತೆ ಮಾಡಲಾಯಿತು. ಅಕ್ಷರ ಸಣ್ಣದು. ಕನ್ನಡಕ ಹಾಕಿಕೊಂಡಾದರೂ ಓದಬೇಕಾದ ಅಕ್ಷರ ಅದು. ಇಂಥದೇ ಇನ್ನೊಂದು: 2022ರ ಜುಲೈ 18ರಿಂದ ಪೊಟ್ಟಣ ಕಟ್ಟಿ ಚೀಟಿ ಅಂಟಿಸಿದ 25 ಕಿಲೋವರೆಗಿನ ಅಕ್ಕಿ, ಹಿಟ್ಟುಗಳ ಮೇಲೆ ಶೇ. 5 ಜಿಎಸ್‌ಟಿ ಬಂತು. ಬಿಡಿಯಾಗಿ ತೂಗಿ ಕೊಡುವುದಕ್ಕೆ ಇಲ್ಲ. ಅದಾದ ಮೇಲೆ ಪೇಟೆಯಲ್ಲಿ 26 ಕಿಲೋ ಚೀಲಗಳು ಕಾಣಿಸಿಕೊಂಡವು. ವ್ಯಾಪಾರಿಗಳ ಲೆಕ್ಕ ಅಷ್ಟು ಚುರುಕಾಗಿರುವಾಗ ಗೃಹಸ್ಥರ ಲೆಕ್ಕ ಮಂಕಾಗಬಾರದು.

ಊಟದ ವಿಚಾರಕ್ಕೆ ಬಂದರೆ, ಟೊಮೆಟೊ ಇಲ್ಲದೆ ಸಾರೇ ಇಲ್ಲವೆಂಬ ಭಾವನೆ ಯಾವಾಗ ಬಂತೋ ತಿಳಿಯದು. ಕಲ್ಯಾಣದ ದಾಸೋಹದಲ್ಲಿ ಟೊಮೆಟೊ, ಬಟಾಟೆ, ಹಸಿಮೆಣಸು ಯಾವುದೂ ಇರಲಿಲ್ಲ. ಅವು ಅಮೆರಿಕ ಖಂಡದ ಪದಾರ್ಥಗಳು, ಹದಿನಾರನೆಯ ಶತಮಾನ ಮತ್ತು ಅದರ ನಂತರ ನಮ್ಮಲ್ಲಿಗೆ ಬಂದವು. ಖಾರಕ್ಕೆ ಆಗ ಇದ್ದುದು ನಮ್ಮ ಘಟ್ಟದ ಕಾಳುಮೆಣಸು. ಹುಳಿಗೆ ಈ ಸೀಮೆಯಲ್ಲಿ ಹುಣಸೆಯಿದೆ, ಮುರುಗಲಿದೆ, ಉಪ್ಪಾಗೆಯಿದೆ, ಅಪ್ಪೆಮಿಡಿಯಿದೆ. ಅಪ್ಪೆಹುಳಿಗೆ ಬೇಳೆ ಬೇಡ, ತಂಬುಳಿಗೆ ಒಲೆಯ ಕೆಲಸವೂ ಹೆಚ್ಚಿಲ್ಲ: ಒಂದು ಹಿಡಿ ಒಂದೆಲಗವೋ ದೊಡ್ಡಪತ್ರೆಯೋ, ಒಂದು ಲೋಟ ಮಜ್ಜಿಗೆ. ಆದರೆ ಎಚ್ಚರಿಕೆ, ತಂಬುಳಿ ಬೇಳೆಯ ಜಾಗವನ್ನು ತುಂಬಲಾರದು. ಟೊಮೆಟೊದ ಬದಲು ಮುರುಗಲು ಹಾಕಬಹುದು. ತೊಗರಿ ಏರಿದರೆ ಹೆಸರು, ಹುರುಳಿ, ಅಲಸಂದೆಗಳ ಕಡೆ ಹೊರಳಬಹುದು. ಕಾಳನ್ನೇ ಬಿಡುವುದು ಮಾತ್ರ ಉಳಿತಾಯವಲ್ಲ, ಮಕ್ಕಳ ಮೈಯಿಂದ ಮಾಡಿದ ಸಾಲ.

ಹಿತ್ತಲಲ್ಲಿ ತರಕಾರಿ ಬೆಳೆಯಿರಿ ಎಂದು ವೇದಿಕೆಯ ಮೇಲಿಂದ ಹೇಳುವುದು ಬಹಳ ಸುಲಭ. ಮಂಗನ ಹಿಂಡು ಬಂದು ಅರ್ಧ ಗಂಟೆಯಲ್ಲಿ ಮೂರು ತಿಂಗಳ ಶ್ರಮವನ್ನು ಮುಗಿಸಿ ಹೋಗುವುದನ್ನು ಕಂಡವರು ಹಾಗೆ ಹೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆಯಲ್ಲಿ ಬಯಲಿನ ತರಕಾರಿ ನಿಲ್ಲುವುದೂ ಕಷ್ಟ. ಹಿರಿಯರು ಇದನ್ನು ಬಲ್ಲವರಾಗಿದ್ದರಿಂದಲೇ ಬೇಸಗೆಯಲ್ಲಿ ಬೆಳೆದ ಮೊಗೆಕಾಯಿಯನ್ನು ಬಾಳೆಪಟ್ಟೆಯಲ್ಲಿ ಕಟ್ಟಿ ಅಟ್ಟದ ಜಂತಿಗೆ ತೂಗಿಬಿಡುತ್ತಿದ್ದರು, ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುತ್ತಿದ್ದರು, ಹಪ್ಪಳ ಸಂಡಿಗೆಗಳನ್ನು ಮೇ ತಿಂಗಳಲ್ಲೇ ಮುಗಿಸುತ್ತಿದ್ದರು. ಇಂದು ಅದೇ ಹಲಸು ಜೂನ್ ತಿಂಗಳಲ್ಲಿ ಮರದ ಬುಡದಲ್ಲಿ ಕೊಳೆತು ಬಿದ್ದಿರುವುದನ್ನು ದಾಟಿಕೊಂಡು ನಾವು ಪೇಟೆಗೆ ತರಕಾರಿ ತರಲು ಹೋಗುತ್ತೇವೆ. ಕೊಯ್ಯುವವರಿಲ್ಲವೆಂಬುದು ನಿಜ. ಬೇಕಾದವರು ಕೊಯ್ದುಕೊಳ್ಳಲಿ ಎಂದು ನೆರೆಯ ಕೇರಿಗೆ ಒಂದು ಮಾತು ಹೇಳಿ ಕಳುಹಿಸಲು ಖರ್ಚೇನು?

ಇಲ್ಲಿ ಕೆಲವರು ಕೇಳಬಹುದು: ಮಳೆಗಾಲಕ್ಕೆ ಕೂಡಿಡುವುದು ಲಕ್ಕಮ್ಮನ ಮಾರ್ಗಕ್ಕೆ ವಿರುದ್ಧವಲ್ಲವೇ? ನನ್ನ ತಿಳಿವಳಿಕೆಯಲ್ಲಿ ಅಲ್ಲ. ತನ್ನ ದುಡಿಮೆಯ ಫಲವನ್ನು ಕೆಡದಂತೆ ಕಾಪಾಡುವುದು ಒಂದು. ಎಲ್ಲರ ಅಂಗಳದಲ್ಲಿರುವುದನ್ನು ತನ್ನೊಬ್ಬನ ಗಂಟಿಗೆ ಕಟ್ಟುವುದು ಇನ್ನೊಂದು. 2023ರ ಜುಲೈ 20ರಂದು ಕೇಂದ್ರ ಸರಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿದಾಗ ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ನಮ್ಮವರೇ ಸಾಲುಗಟ್ಟಿ ಸೋನಾ ಮಸೂರಿಯ ಚೀಲಗಳನ್ನು ಕಾರಿಗೆ ತುಂಬಿಕೊಂಡರು. ಕೊನೆಗೆ ಕೆಲವು ಅಂಗಡಿಗಳು ಮನೆಗೊಂದೇ ಚೀಲವೆಂದು ಬರೆದು ಹಾಕಬೇಕಾಯಿತು. ಹಸಿದವರಾರೂ ಆ ಸಾಲಿನಲ್ಲಿರಲಿಲ್ಲ. ನಿಷೇಧ 2024ರ ಸೆಪ್ಟೆಂಬರಿನಲ್ಲಿ ತೆರವಾಯಿತು. ಬೆಲೆ ಏರುವ ಸುದ್ದಿ ಬಂದೊಡನೆ ನಾಲ್ಕು ತಿಂಗಳ ಎಣ್ಣೆಯನ್ನು ಒಮ್ಮೆಗೇ ಒಯ್ಯುವ ನಮ್ಮ ಊರಿನ ಅನುಕೂಲಸ್ಥರು ಮಾಡುವುದೂ ಅದನ್ನೇ. ಮರುದಿನ ಅಂಗಡಿಗೆ ಬರುವ ಕೂಲಿಯವನಿಗೆ ಏರಿದ ದರದ ಎಣ್ಣೆ ಉಳಿದಿರುತ್ತದೆ.

ಕೂಲಿಯವನ ಮಾತು ಬಂದುದರಿಂದ ಸ್ಪಷ್ಟವಾಗಿಯೇ ಹೇಳುತ್ತೇನೆ, ಯಾರೂ ಬೇಸರಿಸಬಾರದು. ತೋಟವಿದ್ದವರು ದಿನಸಿ ದುಬಾರಿಯೆಂದು ದೂರುವ ಹೊತ್ತಿನಲ್ಲೇ, ಅವರ ತೋಟಕ್ಕೆ ಬರುವ ಆಳಿನ ಮನೆಯಲ್ಲೂ ಅದೇ ಅಂಗಡಿಯ ಅದೇ ದರ. ಯಲ್ಲಾಪುರದ ಕಾಡಿನಂಚಿನ ಸಿದ್ದಿಯರ ಮನೆಗಳಿಗೆ, ಭೂಮಿಯಿಲ್ಲದ ಇತರ ಕುಟುಂಬಗಳಿಗೆ ಖಾತೆಯ ಮೇಲೆ ಬರೆಸಲು ಅಡಿಕೆಯಿಲ್ಲ. 2024-25ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ಕರ್ನಾಟಕದಲ್ಲಿ 349 ರೂಪಾಯಿ ಇತ್ತು, 2025-26ಕ್ಕೆ 370 ಆಯಿತು. 2024ರ ಮಧ್ಯದ ದರದಲ್ಲಿ ಒಂದು ಕಿಲೋ ತೊಗರಿಬೇಳೆಗೆ ಆ ಕೂಲಿಯ ಅರ್ಧದ ಹತ್ತಿರ ಹೋಗುತ್ತಿತ್ತು. ತೋಟದ ಕೂಲಿ ಇದಕ್ಕಿಂತ ಹೆಚ್ಚಿರುವುದುಂಟು, ಆದರೆ ಮಳೆಗಾಲದಲ್ಲಿ ಕೆಲಸದ ದಿನಗಳು ಕಡಿಮೆ, ಹೆಣ್ಣಾಳಿನ ಕೂಲಿ ಗಂಡಾಳಿಗಿಂತ ಕಡಿಮೆ. ಪಡಿತರದಲ್ಲಿ ಅಕ್ಕಿ ಬರುತ್ತದೆಯಲ್ಲ ಎನ್ನುವವರು, ಬರಿಯ ಅಕ್ಕಿಯಿಂದ ಊಟವಾಗುವುದಿಲ್ಲವೆಂಬುದನ್ನು ತಮ್ಮ ತಟ್ಟೆಯನ್ನು ನೋಡಿಯೇ ತಿಳಿಯಬಹುದು. ಬೆಲೆ ಏರಿದ ವರ್ಷ ಕೂಲಿಯನ್ನು ಏರಿಸದೆ ಮನೆಯ ಲೆಕ್ಕವನ್ನು ಸರಿದೂಗಿಸಿದವನು ಉಳಿಸಿದ್ದು ತನ್ನ ಹಣವನ್ನಲ್ಲ. ಅದು ಹೆಚ್ಚಾಗಿ ಬಂದ ಅಕ್ಕಿ. ಲಕ್ಕಮ್ಮನವರು ಮರಳಿ ಸುರಿಯಲು ಹೇಳಿದ್ದು ಅಂಥದನ್ನೇ.

ಮನೆಯೊಳಗೂ ಇಂಥದೇ ಅನ್ಯಾಯವೊಂದು ಸದ್ದಿಲ್ಲದೆ ನಡೆಯುತ್ತದೆ. ಬೆಲೆ ಏರಿದಾಗ ಗಂಡಸಿನ ತಟ್ಟೆ ಮೊದಲಿನಂತೆಯೇ ಇರುತ್ತದೆ, ಮಕ್ಕಳ ತಟ್ಟೆ ಸ್ವಲ್ಪ ತಗ್ಗುತ್ತದೆ, ಕೊನೆಗೆ ಉಣ್ಣುವವಳ ತಟ್ಟೆಯಲ್ಲಿ ಪಲ್ಯ ಉಳಿದಿರುವುದಿಲ್ಲ. ಆಕೆ ಅದನ್ನು ಹೇಳುವುದೂ ಇಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೆಯ ಸಮೀಕ್ಷೆ (2019-21) ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ ಎಂದು ಕಂಡುಕೊಂಡಿತು. ಎಲ್ಲವೂ ಊಟದಿಂದಲೇ ಬಂದದ್ದಲ್ಲ. ಆದರೆ ಊಟವೂ ಅದರಲ್ಲಿದೆ. 2023ರ ಆಗಸ್ಟ್ 30ರಂದು ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಎಂದು ನಿಗದಿಯಾದದ್ದು. ಅದು ಯಾವುದಕ್ಕೆ ಖರ್ಚಾಗಬೇಕೆಂದು ಎಷ್ಟು ಮನೆಗಳಲ್ಲಿ ಆಕೆಯನ್ನು ಕೇಳಲಾಗುತ್ತದೆ? ಮಾರಯ್ಯನವರು ಕೇಳಿದರು. ಕೇಳಿದ್ದರಿಂದ ಅವರ ಹಿರಿಮೆ ಕುಗ್ಗಲಿಲ್ಲ. ತಿಂಗಳಿಗೊಮ್ಮೆ ಗಂಡಹೆಂಡಿರು ಕುಳಿತು ದಿನಸಿಯ ಪುಸ್ತಕ ನೋಡಲಿ. ಗಂಡಸು ತನ್ನ ಚಹಾದಂಗಡಿಯ, ಗುಟಖಾದ, ಪೇಟೆಯ ತಿಂಡಿಯ ಖರ್ಚನ್ನೂ ಅದೇ ಪುಸ್ತಕದಲ್ಲಿ ಬರೆಯಲಿ. ಅಡಿಕೆಯ ಸೀಮೆಯಲ್ಲಿ ಗುಟಖಾದ ಮಾತೆತ್ತುವುದು ಕೆಲವರಿಗೆ ಹಿಡಿಸದು, ಆದರೂ ಪುಸ್ತಕ ಸುಳ್ಳು ಹೇಳುವುದಿಲ್ಲ.

ಒಬ್ಬೊಬ್ಬರೇ ಮಾಡಲಾಗದ್ದನ್ನು ಕೂಡಿ ಮಾಡಬಹುದು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಊರಿನವರ ಬಳಿ ಇದ್ದುದು ಹೆಚ್ಚೇನಲ್ಲ. ಹತ್ತು ಮನೆಗಳು ಸೇರಿ ಕಲಬುರಗಿಯ ತೊಗರಿಯನ್ನೋ ಬನವಾಸಿಯ ಅಕ್ಕಿಯನ್ನೋ ಸುಗ್ಗಿಯಲ್ಲಿ ಮೂಟೆಗಟ್ಟಲೆ ತರಿಸಿ ಹಂಚಿಕೊಂಡರೆ ನಡುವಿನ ಎರಡು ಕೈಗಳ ಲಾಭ ಉಳಿಯುತ್ತದೆ. ನಮ್ಮ ಸ್ವಸಹಾಯ ಸಂಘಗಳ ಅಕ್ಕಂದಿರು ಸಾಲದ ಕಂತು ಕಟ್ಟಲು ಹೇಗೂ ವಾರಕ್ಕೊಮ್ಮೆ ಸೇರುತ್ತಾರೆ; ಅದೇ ಸಭೆಯಲ್ಲಿ ಈ ಕೆಲಸವೂ ಆಗಬಹುದು. ಶುರುಮಾಡುವಾಗ ಎಲ್ಲ ಪದಾರ್ಥಕ್ಕೂ ಕೈಹಾಕದೆ ಬೇಳೆ ಮತ್ತು ಎಣ್ಣೆ ಎರಡಕ್ಕೇ ಸೀಮಿತಗೊಳಿಸುವುದು ಕ್ಷೇಮ. ಹುಳು ಹಿಡಿದ ಬೇಳೆಯ ಜಗಳದಲ್ಲಿ ಒಡೆದುಹೋದ ಸಂಘಗಳೂ ಉಂಟು. ಭಕ್ತರಲ್ಲಿ ದಿನಸಿ ಅಂಗಡಿಯವರೂ ಇದ್ದಾರೆ. ಬೆಲೆಯನ್ನು ಅವರು ಏರಿಸಲಿಲ್ಲವೆಂದು ಬಲ್ಲೆ. ದೊಡ್ಡ ಮಾಲ್‌ಗಳ ಮುಂದೆ ಅವರ ಪಾಡೂ ಕಷ್ಟದ್ದು, ಉದ್ರಿಯ ಹೊರೆಯೂ ಅವರ ಮೇಲಿದೆ. ಅವರಲ್ಲಿ ಬೇಡುವುದು ಇಷ್ಟೇ: ಹಳೆಯ ದಾಸ್ತಾನನ್ನು ಹಳೆಯ ದರದಲ್ಲೇ ಮಾರಿರಿ.

ಕೊನೆಗೆ ಆಡಂಬರದ ಮಾತು. ಗೃಹಪ್ರವೇಶ, ಮದುವೆ, ಶಿವಗಣಾರಾಧನೆಗಳಲ್ಲಿ ಎಲೆಯ ಮೇಲೆ ಬೀಳುವ ಬಗೆಗಳ ಸಂಖ್ಯೆ ಬೆಲೆಯೊಂದಿಗೆ ಪೈಪೋಟಿಯಲ್ಲಿ ಏರುತ್ತಿದೆ. ಮೂರು ಸಿಹಿ, ಎರಡು ಬಗೆಯ ಅನ್ನ, ಕರಿದ ಪದಾರ್ಥ ನಾಲ್ಕು. ಎಲೆ ಎತ್ತುವಾಗ ಅರ್ಧ ಹಾಗೇ ಇರುತ್ತದೆ. ಇದಕ್ಕಾಗಿ ಸಾಲ ಮಾಡಿದವರು ವರ್ಷವಿಡೀ ದಿನಸಿ ಚೀಟಿಯನ್ನು ಕತ್ತರಿಸುತ್ತಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ನಿತ್ಯ ಅನ್ನ ನೀಡುತ್ತ ಬಂದ ಶ್ರೀ ಶಿವಕುಮಾರ ಮಹಾಸ್ವಾಮಿಗಳ ದಾಸೋಹದ ಕೀರ್ತಿ ಬಗೆಗಳ ಸಂಖ್ಯೆಯಿಂದ ಬಂದದ್ದಲ್ಲ. ಒಬ್ಬ ಬಡ ಗೃಹಸ್ಥ ತಾನಾಗಿ ಊಟವನ್ನು ಸರಳಗೊಳಿಸಿದರೆ ಜನ ಆಡಿಕೊಳ್ಳುತ್ತಾರೆ. ಅನುಕೂಲಸ್ಥ ಮಾಡಿದರೆ ಆದರ್ಶವೆನ್ನುತ್ತಾರೆ. ಹಾಗಾಗಿ ಮೊದಲು ಮಾಡಬೇಕಾದವರು ಅನುಕೂಲಸ್ಥರು, ಅವರಿಗಿಂತ ಮೊದಲು ಮಠ. ಮುಂದಿನ ಶ್ರಾವಣದ ಪ್ರವಚನ ಮಾಸದಲ್ಲಿ ಶ್ರೀಮಠದ ದಾಸೋಹಕ್ಕೆ ಅನ್ನ, ಗಟ್ಟಿ ಬೇಳೆಯ ಸಾರು, ಒಂದು ಪಲ್ಯ, ಮಜ್ಜಿಗೆ, ಹೆಸರುಬೇಳೆಯ ಪಾಯಸ ಎಂದು ನಿಶ್ಚಯಿಸಬೇಕೆಂದೂ, ಸೇವೆ ಸಲ್ಲಿಸುವ ಭಕ್ತರು ಅದರ ಮೇಲೆ ಏನನ್ನೂ ಸೇರಿಸಬಾರದೆಂದೂ, ಉಳಿದ ಹಣದಲ್ಲಿ ಬೇಳೆ ಕೊಂಡು ಮಳೆಗಾಲದಲ್ಲಿ ಕೆಲಸವಿಲ್ಲದ ಮನೆಗಳಿಗೆ ಜಾತಿ ಕೇಳದೆ ತಲುಪಿಸಬೇಕೆಂದೂ ಪೂಜ್ಯರಲ್ಲಿ ಹಾಗೂ ದಾಸೋಹ ಸಮಿತಿಯವರಲ್ಲಿ ವಿನಂತಿಸುತ್ತೇನೆ. ಸಾರು ಮಾತ್ರ ತೆಳ್ಳಗಾಗದಿರಲಿ.